ಓದುಗರ ಪ್ರಶ್ನೆಗೆ ಉತ್ತರ: ಜವಳು ನೆಲ, ಕೆರೆ ಅಂಗಳ, ನಿಲ್ಲದ ಸಸಿ

ಮುಂಗಾರಿನ ನಾಟಿ ಮುಗಿದ ಮೇಲೆ ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ನೀರು ನಿಲ್ಲುವ ನೆಲದಲ್ಲಿ ಗಿಡ ಬೆಳೆಸುವ ಕುರಿತೇ ಇವೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಕಾಲುವಿ ಕೆಳಗಿನ ನಮ್ಮ ಎರಿ ಹೊಲದಾಗ 2 ಎಕರೆ ಜವಳು ಆಗ್ಯಾದ. ಬೆಳಿ ಬರಂಗಿಲ್ಲಂತ ಬೇವು, ತೇಗ, ಹೊಂಗಿ ಕೂಡಿ 400 ಸಸಿ ಹಚ್ಚೀವಿ. ಮಿರಗಕ್ಕ ಹಚ್ಚಿದ್ದು ಸೀಗಿ ಹುಣ್ಣಿಮಿ ತನಕ ಮುಕ್ಕಾಲು ಪಾಲು ಹೋದವು. ಎಲಿ ಬಾಡಿದಾಗ ನೀರ ಬಿಟ್ಟೀವಿ, ಯೂರಿಯಾನೂ ಹಾಕೀವಿ. ಎಲ್ಲಿ ತಪ್ಪೈತ್ರಿ? (ರೈತರು, ಶಹಾಪುರ ತಾಲ್ಲೂಕು)

ನಿಮ್ಮ ಸಸಿಗಳು ಸತ್ತದ್ದು ಉಸಿರು ಕಟ್ಟಿ. ಬೇರಿಗೂ ಗಾಳಿ ಬೇಕು. ಮಣ್ಣಿನ ಸಂದಿಗಳಲ್ಲಿ ನೀರು ತುಂಬಿಕೊಂಡರೆ ಆಮ್ಲಜನಕ ಸಾಗುವ ವೇಗ ಗಾಳಿಯಲ್ಲಿ ಸಾಗುವುದಕ್ಕಿಂತ ಸುಮಾರು 10,000 ಪಟ್ಟು ತಗ್ಗುತ್ತದೆ. ಅಳಿದುಳಿದದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ನಮ್ಮ ಬೆಚ್ಚನೆಯ ನೆಲದಲ್ಲಿ ಒಂದೆರಡು ದಿನಕ್ಕೇ ಬಳಸಿ ಮುಗಿಸುತ್ತವೆ. ಆಮ್ಲಜನಕ ಮುಗಿದರೂ ಅವು ಸುಮ್ಮನಿರುವುದಿಲ್ಲ. ಮೊದಲು ನೈಟ್ರೇಟಿಗೆ ಕೈ ಹಾಕುತ್ತವೆ, ಅದು ಅನಿಲವಾಗಿ ಹಾರಿಹೋಗುತ್ತದೆ. ನೀವು ಹಾಕಿದ ಯೂರಿಯಾದ ದೊಡ್ಡ ಪಾಲು ಹೋದದ್ದು ಹೀಗೆ. ಆಮೇಲೆ ಕಬ್ಬಿಣ, ಮ್ಯಾಂಗನೀಸ್ ಕರಗಿ ಬೇರಿಗೆ ವಿಷವಾಗುವಷ್ಟು ಆಗುತ್ತವೆ. ಕಡೆಗೆ ಗಂಧಕದ ಸರದಿ. ಜವಳು ಮಣ್ಣು ಅಗೆದಾಗ ಬರುವ ಕೊಳೆತ ತತ್ತಿಯ ನಾತ ಅದರದ್ದೇ. ಉಸಿರಾಡದ ಬೇರು ನೀರನ್ನು ಮೇಲಕ್ಕೆ ಎಳೆಯಲಾರದು. ಹಾಗಾಗಿ ಮೊಣಕಾಲುದ್ದ ನೀರಿನಲ್ಲಿ ನಿಂತ ಸಸಿಯ ಎಲೆಯೂ ಬಾಡುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ನೀರು ಬಿಟ್ಟರೆ ಸಾವು ಬೇಗ ಬರುತ್ತದೆ.

ಇನ್ನೊಂದು ತಪ್ಪು ತಗ್ಗಿನದು. ಎರೆ ಮಣ್ಣಿನಲ್ಲಿ ತೋಡಿದ ತಗ್ಗಿಗೆ ಸಡಿಲ ಮಣ್ಣು, ಗೊಬ್ಬರ ತುಂಬಿದರೆ ಅದು ಬಾನಿಯ ಹಾಗಾಗುತ್ತದೆ. ಸುತ್ತಲಿನ ಜಿಗುಟು ಮಣ್ಣು ನೀರನ್ನು ಹೊರಗೆ ಬಿಡುವುದಿಲ್ಲ, ಮೇಲೆ ಹರಿಯುವ ನೀರೆಲ್ಲ ತಗ್ಗಿಗೆ ಇಳಿಯುತ್ತದೆ. ಯಂತ್ರದಿಂದ ತಿರುವಿ ತೋಡಿದ ತಗ್ಗಿನ ಗೋಡೆ ಮಡಕೆಯಂತೆ ನುಣುಪಾಗಿರುವುದರಿಂದ ಅದು ಇನ್ನೂ ಕೆಟ್ಟದ್ದು. ಯಂತ್ರ ಬಳಸಲೇಬೇಕಾದರೆ ಗುದ್ದಲಿ ಮೊನೆಯಿಂದ ಗೋಡೆಯನ್ನು ಗೀರಿ ಒರಟು ಮಾಡಿ.

ಮುಂದಿನ ಸಲ ಸಸಿ ತರುವ ಮೊದಲು ನೆಲ ಪರೀಕ್ಷಿಸಿ. ಹೊಲದ ನಾಲ್ಕೈದು ಕಡೆ 1 ಮೀಟರ್ ಆಳದ ತಗ್ಗು ತೋಡಿ, 24 ಗಂಟೆ ಬಿಟ್ಟು ನೀರು ಎಲ್ಲಿಯವರೆಗೆ ಏರಿದೆ ಎಂದು ಅಳೆಯಿರಿ. ಇದನ್ನು ಮೇ ತಿಂಗಳಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಮಾಡಿದರೆ ಮಾತ್ರ ಪ್ರಯೋಜನ. ಕಾಲುವೆ ನೀರು ಬಿಟ್ಟಾಗಿನ ಮಟ್ಟ ಬೇರೆ, ಬಿಡದಾಗಿನ ಮಟ್ಟ ಬೇರೆ. ಇದಕ್ಕಿಂತಲೂ ಸುಲಭದ್ದು ಸರಳಿನ ಪರೀಕ್ಷೆ. 6 ಮಿ.ಮೀ. ದಪ್ಪದ, ಬಣ್ಣವಾಗಲಿ ಸತುವಿನ ಲೇಪವಾಗಲಿ ಇಲ್ಲದ ಕಬ್ಬಿಣದ ಸರಳನ್ನು ಉಸುಕು ಕಾಗದದಿಂದ ತಿಕ್ಕಿ ಹೊಳಪು ಮಾಡಿ ಜುಲೈನಲ್ಲಿ ನೆಲಕ್ಕೆ ಚುಚ್ಚಿಡಿ. 4ರಿಂದ 6 ವಾರಕ್ಕೆ ಕಿತ್ತು ನೋಡಿ. ಕಂದು ತುಕ್ಕು ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗೆ ಗಾಳಿ ಇದೆ. ಅದರ ಕೆಳಗೆ ಸರಳು ಬೂದು ಇಲ್ಲವೇ ಕಪ್ಪು ಬಣ್ಣದಲ್ಲಿ ತುಕ್ಕಿಲ್ಲದೆ ಬಂದರೆ ಆ ಆಳದಲ್ಲಿ ಗಾಳಿ ಇಲ್ಲ. ತುಕ್ಕು 20 ಸೆಂ.ಮೀ. ದಾಟದಿದ್ದರೆ ಅಲ್ಲಿ ತಗ್ಗು ತೋಡಿ ನೆಡುವ ಮಾತೇ ಬೇಡ, ಬೋದು (ಉದ್ದನೆಯ ಮಣ್ಣಿನ ದಿಂಡು) ಏರಿಸಿ ನೆಡಬೇಕು.

ಬೋದಿನ ಅಳತೆ: ಬುಡ 1.5 ಮೀಟರ್, ಎತ್ತರ 60 ಸೆಂ.ಮೀ., ನೆತ್ತಿ 50 ಸೆಂ.ಮೀ. ಅಗಲ. ಸಾಲಿನಿಂದ ಸಾಲಿಗೆ 4 ಮೀಟರ್. ನಡುವಿನ ಹರಿ (ಎರಡು ಬೋದುಗಳ ನಡುವಿನ ತಗ್ಗು ಸಾಲು) ಬಸಿಗಾಲುವೆಗೆ ಇಳಿಜಾರಾಗಿರಲಿ. ಹರಿಯಲ್ಲೇ ನೀರು ಮಡುಗಟ್ಟಿದರೆ ಬೋದು ಮಾಡಿದ್ದೂ ವ್ಯರ್ಥ. ಮಣ್ಣು ಹದವಾಗಿರುವ ಜನವರಿ, ಫೆಬ್ರುವರಿಯಲ್ಲಿ ಈ ಕೆಲಸ ಮುಗಿಸಿ. ಹಸಿ ಇದ್ದಾಗ ಏರಿಸಿದರೆ ಮಣ್ಣು ಕಲಸಿದ ಕೆಸರಾಗಿ, ಒಣಗಿ ಇಟ್ಟಿಗೆಯಾಗುತ್ತದೆ. ಏಪ್ರಿಲ್‌ನಲ್ಲಿ ಏರಿಸಿದರೆ ಬರೀ ಹೆಂಟೆ, ನಡುವೆ ದೊಡ್ಡ ಪೊಳ್ಳು, ಬೇರು ಅಲ್ಲಿ ಒಣಗುತ್ತದೆ. ಮೊದಲ ಎರಡು ಮೂರು ಮಳೆಗೆ ಬೋದು ಒಂದಷ್ಟು ಕುಸಿಯುತ್ತದೆ; ಕುಸಿದ ಮೇಲೂ 40 ಸೆಂ.ಮೀ. ಉಳಿಯಬೇಕು. ನಾಟಿ ಅದಾದ ಮೇಲೆಯೇ.

ಹೊಲ ಬರೀ ಜವಳೋ (ನೀರು ನಿಲ್ಲುವುದು), ಸವಳು (ಉಪ್ಪು) ಕೂಡಿದ್ದೋ ನೋಡಿಕೊಳ್ಳಿ. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಹೊಟ್ಟು ಕಾಣುತ್ತಿದ್ದರೆ ಮಣ್ಣನ್ನು ಪರೀಕ್ಷೆಗೆ ಕೊಡಿ. ಭೀಮರಾಯನಗುಡಿಯ ಕೃಷಿ ಕಾಲೇಜು, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಎರಡೂ ನಿಮಗೆ ಹತ್ತಿರ. ವರದಿಯಲ್ಲಿ ಇಸಿ (ಮಣ್ಣಿನ ಉಪ್ಪಿನ ಅಳತೆ) 4 ದಾಟಿದರೆ ಉಪ್ಪು ಹೆಚ್ಚು ಎಂದರ್ಥ. ಪಿಎಚ್ 8.5 ದಾಟಿದರೆ ಸೋಡಿಯಂ ಸೇರಿರುವ ಸಂಶಯ. ಅದಕ್ಕೆ ಜಿಪ್ಸಂ ಬೇಕು, ಜಿಪ್ಸಂ ಕೆಲಸ ಮಾಡಲು ಬಸಿಗಾಲುವೆ ಬೇಕು. ಸವಳು ಹೊಲದಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ನೀರು ಹರಿಯಿಂದ ಬೋದಿನ ನೆತ್ತಿಗೆ ಏರಿ ಅಲ್ಲಿ ಆವಿಯಾಗುತ್ತದೆ, ಉಪ್ಪನ್ನು ನೆತ್ತಿಯಲ್ಲೇ ಬಿಟ್ಟುಹೋಗುತ್ತದೆ. ಬರೀ ಜವಳಾದರೆ ನೆತ್ತಿಯ ಮೇಲೆ ನೆಡಿ. ಸವಳಿದ್ದರೆ ನೆತ್ತಿಯಿಂದ ಒಂದು ಗೇಣು ಕೆಳಗೆ, ಬೋದಿನ ಹೆಗಲ ಮೇಲೆ ನೆಡಿ.

ಬೇವು, ತೇಗ ಎರಡೂ ನೀರು ನಿಂತ ನೆಲ ತಾಳುವುದಿಲ್ಲ, ಅವನ್ನು ಬದುವಿಗೆ ಇಟ್ಟುಕೊಳ್ಳಿ. ಉಳಿದ ಕಾಲು ಪಾಲಿನಲ್ಲಿ ಹೊಂಗೆಯೇ ಹೆಚ್ಚಿರಬೇಕು. ಹೊಂಗೆ, ಕರಿಜಾಲಿ, ಹೊಳೆಮತ್ತಿ ಈ ಮೂರನ್ನೇ ನೆಚ್ಚಿ. ಬದುಕಿದ ಹೊಂಗೆಯ ಬುಡದಲ್ಲಿ ಬಿಳಿ ಗುಳ್ಳೆಗಳು, ಹೊಸ ಬೇರುಗಳು ಕಂಡರೆ ಅದು ರೋಗವಲ್ಲ. ಗಾಳಿ ಹುಡುಕಿಕೊಂಡು ಗಿಡ ಮಾಡಿಕೊಂಡ ಏರ್ಪಾಡು ಅದು. ಅದರ ಮೇಲೆ ಮಣ್ಣು ಏರಿಸಬೇಡಿ.

ಪ್ರಶ್ನೆ: ಕೆನಡಾ, ಅಮೆರಿಕದ ಜೌಗು ಕಾಡುಗಳಲ್ಲಿ ಸೂಚಿಪರ್ಣಿ (ಪೈನ್, ದೇವದಾರು ಗುಂಪಿನ) ಮರಗಳ ಎಳೆ ಸಸಿಗಳು ಬಿದ್ದ ದಿಮ್ಮಿಗಳ ಮೇಲೆ, ದಿಬ್ಬಗಳ ಮೇಲೆ ಮಾತ್ರ ಕಾಣುತ್ತವೆ ಎಂದು ಓದಿದೆ. ಬೀಜ ಎಲ್ಲ ಕಡೆ ಬೀಳುವಾಗ ಹೀಗೇಕೆ? ಇದನ್ನು ನಮ್ಮ ಕಡೆಯ ಕೆರೆಗಳಲ್ಲಿ ಅಭ್ಯಾಸ ಮಾಡಬಹುದೇ? (ಸಸ್ಯಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ)

ಮೇಲಿನ ಪ್ರಶ್ನೆಗೂ ನಿಮ್ಮ ಪ್ರಶ್ನೆಗೂ ಬೇರು ಒಂದೇ. ಬ್ಲ್ಯಾಕ್ ಸ್ಪ್ರೂಸ್ ಎಂಬ ಮರವನ್ನೇ ತೆಗೆದುಕೊಳ್ಳಿ. ಅದರ ಬೀಜ ಗ್ರಾಮಿಗೆ ಸುಮಾರು 900 ಬರುತ್ತವೆ. ಅಷ್ಟು ಸಣ್ಣ ಬೀಜದಲ್ಲಿ ಬುತ್ತಿ ಎಷ್ಟಿದ್ದೀತು? ಮೊದಲ ವರ್ಷ ಸಸಿ 2–3 ಸೆಂ.ಮೀ. ಎತ್ತರ ದಾಟುವುದೇ ಅಪರೂಪ, ಬೇರೂ ಹೆಚ್ಚೆಂದರೆ 5 ಸೆಂ.ಮೀ. ಇಳಿದೀತು. ಆ 5 ಸೆಂ.ಮೀ. ಪದರದಲ್ಲಿ ಬೇಸಿಗೆಯಿಡೀ ತೇವ ಇರಬೇಕು, ನೀರು ನಿಂತಿರಬಾರದು. ಜೌಗು ಕಾಡಿನಲ್ಲಿ ಎರಡೂ ಕೂಡಿ ಸಿಗುವ ಜಾಗ ಬಹಳ ಕಡಿಮೆ.

ತಗ್ಗಿನಲ್ಲಿ ಬಿದ್ದ ಬೀಜ ವಸಂತದ ನೀರಿನಲ್ಲಿ ಮುಳುಗುತ್ತದೆ. ಅಲ್ಲಿ ಕೂಡುವ ಉದುರೆಲೆ ಒದ್ದೆಯಾಗಿ ಚಾಪೆಯಂತೆ ಹಾಸಿ ಮೊಳಕೆಯನ್ನು ಒತ್ತಿಬಿಡುತ್ತದೆ. ಎತ್ತರದ ದಿಬ್ಬವಾದರೂ ಅದರ ಹೊದಿಕೆ ಏನು ಎಂಬುದನ್ನು ನೋಡಬೇಕು. ಗರಿಯಂಥ ಸಡಿಲ ಹಾವಸೆ ಹೊದ್ದಿದ್ದರೆ ಅದು ನಾಲ್ಕು ದಿನ ಮಳೆ ತಪ್ಪಿದರೂ ಒಣಗುತ್ತದೆ, ಬೇರು ಕೆಳಗಿನ ಮಣ್ಣು ಮುಟ್ಟುವ ಮೊದಲೇ ಸಸಿ ಸಾಯುತ್ತದೆ. ಸ್ಫ್ಯಾಗ್ನಂ ಎಂಬ ಹಾವಸೆ ತನ್ನ ಒಣತೂಕದ ಎಷ್ಟೋ ಪಟ್ಟು ನೀರು ಹಿಡಿದಿಡುತ್ತದೆ, ಮೊಳಕೆಗೆ ಅದು ಚೆನ್ನ. ಆದರೆ ಅದರಲ್ಲೂ ಬೇಗ ಬೆಳೆಯುವ ಜಾತಿಗಳು ಸಸಿಗಿಂತ ಮುಂದೆ ಬೆಳೆದು ಅದನ್ನು ಹೂತುಬಿಡುತ್ತವೆ. ನಿಧಾನ ಬೆಳೆಯುವ ಸ್ಫ್ಯಾಗ್ನಂ ಮಾತ್ರ ನಿಜವಾದ ತೊಟ್ಟಿಲು. ಬೆಳೆದ ಬ್ಲ್ಯಾಕ್ ಸ್ಪ್ರೂಸ್ ಮರಕ್ಕೆ ಇದೇ ಹೂಳುವಿಕೆಯಿಂದ ಲಾಭವಿದೆ: ಕೆಳಗಿನ ಕೊಂಬೆಗಳು ಹಾವಸೆಯೊಳಗೆ ಹುದುಗಿ ಅಲ್ಲೇ ಬೇರು ಬಿಟ್ಟು ಹೊಸ ಗಿಡಗಳಾಗುತ್ತವೆ.

ವೈಟ್ ಸೀಡರ್ ಮರದ ಸಸಿಗಳು ಕೊಳೆತ ದಿಮ್ಮಿ, ಬೊಡ್ಡೆಗಳ ಮೇಲೆ ಹೆಚ್ಚು. ದಿಮ್ಮಿ ನೀರಿಗಿಂತ ಎತ್ತರದಲ್ಲಿದೆ, ಸ್ಪಂಜಿನಂತೆ ತೇವ ಹಿಡಿಯುತ್ತದೆ, ಉಬ್ಬಿರುವುದರಿಂದ ಎಲೆಕಸ ಮೇಲೆ ನಿಲ್ಲುವುದಿಲ್ಲ. ಆದರೆ ಇಂದು ಬಿದ್ದ ಮರ ಇಂದೇ ತೊಟ್ಟಿಲಾಗುವುದಿಲ್ಲ. ತೊಗಟೆ ಕಳಚುವಾಗ ಅದರ ಮೇಲಿನ ಮೊಳಕೆಗಳೂ ಜಾರಿ ಹೋಗುತ್ತವೆ. ಬೆರಳಿಂದ ಒತ್ತಿದರೆ ತಗ್ಗು ಬೀಳುವಷ್ಟು ಮೆತ್ತಗಾಗಲು ದಶಕಗಳು ಬೇಕು. ಕಾಡಿನಿಂದ ಬಿದ್ದ ಮರವನ್ನೆಲ್ಲ ಸಾಗಿಸಿದರೆ ಮುಂದಿನ ತಲೆಮಾರಿನ ಸಸಿಯ ಜಾಗವನ್ನೂ ಸಾಗಿಸಿದಂತೆಯೇ.

ಎಲ್ಲಕ್ಕಿಂತ ಕಲಿಯಬೇಕಾದದ್ದು ಅಮೆರಿಕದ ದಕ್ಷಿಣ ಭಾಗದ ಬಾಲ್ಡ್ ಸೈಪ್ರೆಸ್‌ನಿಂದ. ಈ ಮರ ನೀರಿನಲ್ಲಿ ನಿಂತು ಸಾವಿರಾರು ವರ್ಷ ಬಾಳುತ್ತದೆ. ಉತ್ತರ ಕೆರೊಲಿನಾದ ಬ್ಲ್ಯಾಕ್ ನದಿಯಲ್ಲಿರುವ ಒಂದು ಮರಕ್ಕೆ 2,600 ವರ್ಷ ದಾಟಿದೆ ಎಂದು 2019ರಲ್ಲಿ ಪ್ರಕಟವಾಯಿತು. ಆದರೆ ಅದೇ ಮರದ ಬೀಜ ನೀರೊಳಗೆ ಮೊಳೆಯುವುದಿಲ್ಲ. ನೀರು ಇಳಿದ ಹಸಿ ನೆಲ ಒಂದರಿಂದ ಮೂರು ತಿಂಗಳು ಸಿಗಬೇಕು. ಮೊಳೆತ ಸಸಿ ಮುಂದಿನ ನೆರೆಗೆ ಮೊದಲು ನೀರಿನ ಮಟ್ಟ ಮೀರಿ ತಲೆ ಎತ್ತಬೇಕು. ತಲೆ ಮುಳುಗಿ ವಾರಗಟ್ಟಲೆ ನಿಂತರೆ ಉಳಿಯದು. ಅಣೆಕಟ್ಟಿನಿಂದ ವರ್ಷವಿಡೀ ನೀರು ನಿಲ್ಲುವ ಜಾಗಗಳಲ್ಲಿ ಮುದಿ ಮರಗಳು ಹಸಿರಾಗಿಯೇ ಇರುತ್ತವೆ, ಕೆಳಗೆ ಒಂದೂ ಮರಿ ಇರುವುದಿಲ್ಲ. ದೊಡ್ಡ ಮರಗಳನ್ನು ನೋಡಿ ಕಾಡು ಚೆನ್ನಾಗಿದೆ ಎನ್ನುವವರು ಇದನ್ನು ಮನಸ್ಸಿನಲ್ಲಿಡಬೇಕು.

ಮರ ಕಡಿದಾಗ ಆಗುವುದನ್ನೂ ಗಮನಿಸಿ. ಒದ್ದೆ ನೆಲದ ಕಾಡಿನಲ್ಲಿ ದೊಡ್ಡ ಮರಗಳು ದಿನವೂ ನೀರು ಎಳೆದು ಗಾಳಿಗೆ ಬಿಡುತ್ತಿರುತ್ತವೆ. ಒಮ್ಮೆಲೇ ಎಲ್ಲ ಕಡಿದರೆ ಆ ಎಳೆತ ನಿಂತು ನೆಲದ ನೀರಿನ ಮಟ್ಟ ಏರುತ್ತದೆ. ಬೆಳಕು ಸಿಕ್ಕಿತೆಂದು ಮೊಳೆತ ಸಸಿಗಳು ಮುಳುಗುತ್ತವೆ. ಅದಕ್ಕೇ ಅಲ್ಲಿ ಪಟ್ಟಿ ಪಟ್ಟಿಯಾಗಿ ಕಡಿಯುತ್ತಾರೆ. ಫಿನ್‌ಲ್ಯಾಂಡಿನಲ್ಲಿ ಮಣ್ಣು ತಿರುವಿ ಗುಪ್ಪೆ ಮಾಡಿ ಅದರ ಮೇಲೆ ಸಸಿ ನೆಡುತ್ತಾರೆ. ನಮ್ಮ ಬೋದಿನ ಲೆಕ್ಕವೇ ಅದು.

ದಕ್ಷಿಣ ಭಾರತದಲ್ಲಿ ತಾನಾಗಿ ಬೆಳೆಯುವ ಸೂಚಿಪರ್ಣಿ ಒಂದೇ, ಪಶ್ಚಿಮ ಘಟ್ಟದ ನಗೇಯಾ ವಾಲಿಚಿಯಾನಾ. ನಿಮ್ಮ ಜಿಲ್ಲೆಯಲ್ಲಿ ಅದಿಲ್ಲ. ಅಭ್ಯಾಸಕ್ಕೆ ಕರಿಜಾಲಿ ತೆಗೆದುಕೊಳ್ಳಿ, ಅದೂ ಬಾಲ್ಡ್ ಸೈಪ್ರೆಸ್‌ನಂತೆ ಇಳಿಯುವ ನೀರಿನ ಅಂಚಿನಲ್ಲಿ ಮೊಳೆಯುತ್ತದೆ. ಒಂದು ಕೆರೆ ಆರಿಸಿ, ನೀರಿನ ಅಂಚಿನಿಂದ ಒಣ ನೆಲದವರೆಗೆ ಹಗ್ಗ ಎಳೆದು, ಪ್ರತಿ 5 ಮೀಟರಿಗೆ 1 ಚದರ ಮೀಟರ್ ಚೌಕ ಹಾಕಿ. ಒಟ್ಟು 30 ಚೌಕವಾದರೂ ಬೇಕು. ಗೌಂಡಿಗಳು ಬಳಸುವ ಲೆವಲ್ ಪೈಪಿನಿಂದ ಪ್ರತಿ ಚೌಕ ನೀರಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ಅಳೆಯಿರಿ. ಸಸಿ ಎಷ್ಟು, ಅವುಗಳ ಎತ್ತರ, ಹೊದಿಕೆ ಏನು, ಬಿರುಕಿನ ಅಗಲ ಎಷ್ಟು ಎಂದು ಬರೆಯಿರಿ. ಸಸಿ ಇಲ್ಲದ ಚೌಕವನ್ನು ಬಿಟ್ಟುಬಿಡುವುದೇ ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಸೊನ್ನೆಯೂ ಲೆಕ್ಕವೇ. ನವೆಂಬರಿನಲ್ಲಿ ಎಣಿಸಿದ ಅದೇ ಚೌಕಗಳನ್ನು ಮೇ ತಿಂಗಳಲ್ಲಿ ಮತ್ತೆ ಎಣಿಸಿ. ಮೊಳೆಯುವ ಜಾಗ, ಉಳಿಯುವ ಜಾಗ ಎರಡೂ ಒಂದೇ ಅಲ್ಲ ಎಂಬುದು ಆಗ ಕಾಣುತ್ತದೆ.

ಪ್ರಶ್ನೆ: ನಮ್ಮೂರ ಕೆರಿ ಅಂಗಳದಾಗ ಗಿಡ ಹಚ್ಚಬೇಕಂತ ಪಂಚಾಯ್ತಿಯೊಳಗ ಮಾತಾಗ್ಯಾದ. ಬೋನಾಳ ಕೆರ್‍ಯಾಗ ಜಾಲಿ ನೀರಾಗ ನಿಂತಾವಲ್ಲ, ಹಂಗ ಮಾಡ್ಬೇಕು. ಎಲ್ಲಿ, ಯಾವಾಗ ಹಚ್ಚಬೇಕ್ರಿ? (ಗ್ರಾಮ ಪಂಚಾಯಿತಿ ಸದಸ್ಯರು, ಸುರಪುರ ತಾಲ್ಲೂಕು)

ಮೊದಲು ಕೆರೆ ಯಾವ ಇಲಾಖೆಗೆ ಸೇರಿದ್ದೋ ಅವರ ಒಪ್ಪಿಗೆ ಪಡೆಯಿರಿ. ಏರಿಯ ಮೇಲೆ ಗಿಡ ಹಚ್ಚಬೇಡಿ: ಬೇರು ಸತ್ತು ಕೊಳೆತಾಗ ಒಳಗೆ ಕೊಳವೆಯಾಗಿ ನೀರು ಸೋರುತ್ತದೆ. ಕೋಡಿಯ ಮುಂದೆಯೂ ಬೇಡ.

ಎಲ್ಲ ಅಳತೆಯೂ ಕೋಡಿಯ ಮಟ್ಟದಿಂದ. ಲೆವಲ್ ಪೈಪ್ ಹಿಡಿದು ಕೋಡಿ ಮಟ್ಟ, ಅದರಿಂದ 50 ಸೆಂ.ಮೀ. ಕೆಳಗೆ, 1 ಮೀಟರ್ ಕೆಳಗೆ ಹೀಗೆ ಮೂರು ಗೆರೆಗೆ ಗೂಟ ಬಡಿಯಿರಿ. ಕೋಡಿ ಮಟ್ಟಕ್ಕಿಂತ ಮೇಲೆ ಹೊಂಗೆ. ಅಲ್ಲಿಂದ 50 ಸೆಂ.ಮೀ. ಕೆಳಗಿನವರೆಗೆ ಹೊಳೆಮತ್ತಿ, ನೀರಲ. ಅದರ ಕೆಳಗೆ 1 ಮೀಟರ್ ಗೆರೆಯವರೆಗೆ ಕರಿಜಾಲಿ ಮಾತ್ರ. ಅದಕ್ಕಿಂತ ಆಳದ ಜಾಗ ಖಾಲಿ ಬಿಡಿ, ಹೂಳೆತ್ತಲು ದಾರಿ ಬೇಕು, ನೀರುಹಕ್ಕಿಗೂ ಬಯಲು ನೀರು ಬೇಕು.

ನೀರಲ, ಮತ್ತಿ, ಜಾಲಿ ಮೂರನ್ನೂ ಗುಪ್ಪೆಯ ಮೇಲೆ ನೆಡಬೇಕು. ಬುಡ 2 ಮೀಟರ್, ಎತ್ತರ 75 ಸೆಂ.ಮೀ., ನೆತ್ತಿ 60 ಸೆಂ.ಮೀ. ನೀರು ಇಳಿದ ಕೂಡಲೇ, ಮಣ್ಣು ಹದಕ್ಕೆ ಬಂದಾಗ ಕಟ್ಟಿ. ಮುಂಗಾರಿನ ಗಾಳಿ ಪಡುವಣದಿಂದ ಬೀಸಿ ತೆರೆಗಳು ಗುಪ್ಪೆಯ ಆ ಮಗ್ಗುಲನ್ನೇ ಕೊರೆಯುತ್ತವೆ, ಅಲ್ಲಿ ಕರಿಕೆ ಹುಲ್ಲಿನ ಗಡ್ಡೆ ಹಚ್ಚಿ.

ಸಸಿ 8×12 ಇಂಚಿನ ಚೀಲದಲ್ಲಿ ಬೆಳೆದ 90 ಸೆಂ.ಮೀ. ಮೀರಿದ್ದಾಗಿರಲಿ. ಚೀಲದ ತಳದಲ್ಲಿ ಸುರುಳಿ ಸುತ್ತಿದ ಬೇರಿದ್ದರೆ ತಳದ ಒಂದು ಬೆರಳಷ್ಟು ಕತ್ತರಿಸಿ ನೆಡಿ. ಸುರುಳಿ ಬೇರು ಗುಪ್ಪೆಯಿಂದ ಹೊರಗೆ ಇಳಿಯುವುದೇ ಇಲ್ಲ, ಮೊದಲ ತೆರೆಗೆ ಗಿಡ ವಾಲುತ್ತದೆ. ಸಸಿಯ ಕುತ್ತಿಗೆ (ಕಾಂಡ, ಬೇರು ಕೂಡುವ ಜಾಗ) ಮಟ್ಟಕ್ಕಿಂತ ಆಳ ಹೂಳಬೇಡಿ. ನಮ್ಮ ಕಡೆ ಸೆಪ್ಟೆಂಬರಿನಲ್ಲೇ ಮಳೆ ಹೆಚ್ಚು, ಕೆರೆ ತುಂಬುವುದೂ ಆಗಲೇ. ಹಾಗಾಗಿ ಆರಿದ್ರಾ ಮಳೆಯೊಳಗೆ ನಾಟಿ ಮುಗಿದರೆ ಬೇರೂರಲು ಎರಡು ತಿಂಗಳು ಸಿಗುತ್ತದೆ. ಆಗಸ್ಟಿನಲ್ಲಿ ನೆಟ್ಟದ್ದನ್ನು ಸೆಪ್ಟೆಂಬರ್ ಒಯ್ಯುತ್ತದೆ. ತಡವಾದರೆ ಆ ಮಳೆಗಾಲ ಬಿಡಿ, ನವೆಂಬರಿನಿಂದ ಇಳಿಯುವ ನೀರಿನ ಹಿಂದೆಯೇ ನೆಡುತ್ತಾ ಹೋಗಿ. ಬುಡಕ್ಕೆ ನೀರು ಬಂದರೆ ಜಾಲಿಗೆ ಹೆದರಬೇಡಿ, ತುದಿ ಮುಳುಗಿದರೆ ಹೆದರಬೇಕು. ನೀರು ಇಳಿದ ಮೇಲೆ ಎಲೆಯ ಮೇಲೆ ಕೂತ ಕೆಸರನ್ನು ತೊಳೆದುಬಿಡಿ.

ಪ್ರಶ್ನೆ: ಸಸಿಗೆ ರೊಕ್ಕ ಇಲ್ಲ. ಜಾಲಿ ಬೀಜಾನೇ ಚೆಲ್ಲಿದ್ರ ನಡೀತದೇನ್ರಿ? (ಜೇವರ್ಗಿ)

ನಡೆಯುತ್ತದೆ. ಕುದಿಸಿ ಒಲೆಯಿಂದ ಇಳಿಸಿದ ನೀರಿಗೆ ಬೀಜ ಹಾಕಿ 24 ಗಂಟೆ ಬಿಡಿ, ಉಬ್ಬಿದ್ದನ್ನು ಮಾತ್ರ ಬಿತ್ತಿ. ನೀರು ಇಳಿದ ಅಂಚಿನಲ್ಲಿ ಹೆಜ್ಜೆ ಇಟ್ಟರೆ ಗುರುತು ಮೂಡಬೇಕು, ಗುರುತಿನೊಳಗೆ ನೀರು ಒಸರಬಾರದು. ಅದೇ ಬಿತ್ತುವ ಹದ. ಜಾಗಕ್ಕೆ 3–4 ಬೀಜ, ಆಳ 2 ಸೆಂ.ಮೀ. ಆಡಿನ ದೊಡ್ಡಿಯಲ್ಲಿ ಸಿಗುವ ಬೀಜ ಇನ್ನೂ ಚೆನ್ನಾಗಿ ಮೊಳೆಯುತ್ತದೆ, ಆದರೆ ಅದರಲ್ಲಿ ಬಳ್ಳಾರಿ ಜಾಲಿ ಬೆರೆತಿರುತ್ತದೆ. ಕರಿಜಾಲಿಯ ಕಾಯಿ ಮಣಿಸರದಂತೆ ಬೀಜ ಬೀಜಕ್ಕೂ ಇಡುಕಿರುತ್ತದೆ. ಅಂಥ ಕಾಯಿಂದಲೇ ಬೀಜ ಬಿಡಿಸಿಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ನಮ್ಮದು ಕೆಂಪು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ನೀರು ನಿಲ್ಲುತ್ತದೆ, ಸಂಕ್ರಾಂತಿ ಕಳೆದರೆ ಕಲ್ಲಾಗುತ್ತದೆ. ಸಸಿ ಎರಡೂ ಕಡೆಯಿಂದ ಸಾಯುತ್ತಿದೆ. (ಬೀದರ್ ತಾಲ್ಲೂಕು)

ಜಂಬಿಟ್ಟಿಗೆಯ ಒಳಗೆ ನೀರು ಇಳಿಯುತ್ತದೆ. ಬೀದರಿನ ನೌಬಾದಿನ ಸುರಂಗ ಬಾವಿ ನಡೆಯುವುದೇ ಜಂಬಿಟ್ಟಿಗೆಯಿಂದ ಇಳಿದು ಕೆಳಗಿನ ಕಪ್ಪು ಕಲ್ಲಿನ ಮೇಲೆ ಕೂಡುವ ನೀರಿನಿಂದ. ನಿಮ್ಮಲ್ಲಿ ನೀರು ನಿಲ್ಲುತ್ತಿದ್ದರೆ ಮೇಲಿನ ಗಟ್ಟಿ ಪದರ ಅದನ್ನು ತಡೆಯುತ್ತಿದೆ. ಹಾರೆಯಿಂದ ಚುಚ್ಚಿ ಆ ಪದರ ಎಷ್ಟು ದಪ್ಪ ಎಂದು ತಿಳಿಯಿರಿ. 30–40 ಸೆಂ.ಮೀ. ಒಳಗೆ ಒಡೆದು ಕೆಳಗಿನ ಮೆತ್ತನೆ ಪದರ ಸಿಕ್ಕರೆ ತಗ್ಗಿನ ತಳ ಪೂರ್ತಿ ಒಡೆಯಿರಿ, ನೀರು ಇಳಿಯುತ್ತದೆ, ಬೇರೂ ಇಳಿಯುತ್ತದೆ. ತಗ್ಗಿಗೆ ಒಂದು ಬಿಂದಿಗೆ ನೀರು ಹಾಕಿ ಮರುದಿನ ನೋಡಿ. ನೀರು ಇನ್ನೂ ಇದ್ದರೆ ಒಡೆದದ್ದು ಸಾಲದು. ಒಡೆಯಲಾಗದಿದ್ದರೆ ಅಲ್ಲಿ ತಗ್ಗು ತೋಡಬೇಡಿ, ಹೊರಗಿನ ಮಣ್ಣು ತಂದು 45 ಸೆಂ.ಮೀ. ಗುಪ್ಪೆ ಮಾಡಿ ಹೊಂಗೆ ನೆಡಿ. ಆದರೆ ಎರೆ ಮಣ್ಣನ್ನು ತಂದು ತುಂಬಬೇಡಿ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕೊಳೆತ ತಿಪ್ಪೆ ಗೊಬ್ಬರ ಸಾಕು.

ಪ್ರಶ್ನೆ: ಮಳೆಗಾಲ ದಾಟಿ ಬದುಕಿದ ಸಸಿ ಫೆಬ್ರುವರಿಯಲ್ಲಿ ಒಣಗುತ್ತಿವೆ, ಬುಡದಲ್ಲೇ ನೆಲ ಬಾಯಿ ಬಿಟ್ಟಿದೆ. (ಚಿತ್ತಾಪುರ)

ಚಳಿ ದೇಶಗಳಲ್ಲಿ ನೆಲದ ನೀರು ಹೆಪ್ಪುಗಟ್ಟಿ ಉಬ್ಬಿ ಎಳೆ ಸಸಿಯನ್ನು ಮೇಲಕ್ಕೆ ಕಿತ್ತು ಎಸೆಯುತ್ತದೆ. ನಮ್ಮ ಎರೆ ನೆಲ ಒಣಗಿ ಕುಗ್ಗಿ ಬೇರನ್ನು ಎರಡು ಕಡೆಗೆ ಎಳೆದು ಹರಿಯುತ್ತದೆ, ಹರಿಯದ ಬೇರು ಬಿರುಕಿನ ಬಿಸಿಗಾಳಿಗೆ ಒಣಗುತ್ತದೆ. ಬಿರುಕು ಬೆರಳಗಲ ಆಗುವ ಮೊದಲೇ, ಅಂದರೆ ನವೆಂಬರಿನಲ್ಲಿ, ಬುಡದ ಸುತ್ತ ಅರ್ಧ ಮೀಟರ್ ಮಣ್ಣನ್ನು 5 ಸೆಂ.ಮೀ. ಆಳ ಕೆದಕಿ ಪುಡಿ ಮಾಡಿ ಬಿರುಕಿಗೆ ತುಂಬಿ. ಮೇಲೆ ತೊಗರಿ ಹೊಟ್ಟು ಇಲ್ಲವೇ ಕಡಿದ ತೊಗರಿ ಕಟ್ಟಿಗೆ 8–10 ಸೆಂ.ಮೀ. ದಪ್ಪ ಹಾಸಿ, ಕಾಂಡದಿಂದ ನಾಲ್ಕು ಬೆರಳು ದೂರ ಬಿಡಿ, ಇಲ್ಲದಿದ್ದರೆ ಗೆದ್ದಲು ನೇರ ಕಾಂಡಕ್ಕೆ ಬರುತ್ತದೆ. ಮಳೆಗಾಲದಲ್ಲಿ ಈ ಹೊದಿಕೆ ಬೇಡ: ಹೊಟ್ಟು ತೇಲಿಹೋಗುತ್ತದೆ, ಉಳಿದದ್ದು ಒದ್ದೆಯಾಗಿ ಕುತ್ತಿಗೆ ಕೊಳೆಸುತ್ತದೆ.

ಪ್ರಶ್ನೆ: ಸರ್ವೆ ಮರ ಸೂಚಿಪರ್ಣಿಯೇ? ಕುಂಡದ ಕ್ರಿಸ್ಮಸ್ ಗಿಡವನ್ನು ನೆಲಕ್ಕೆ ಇಳಿಸಬಹುದೇ? (ಹುಮನಾಬಾದ್)

ಸರ್ವೆಯ ಎಲೆಯಂತೆ ಕಾಣುವುದು ಸಣ್ಣ ಕಡ್ಡಿ. ಅದು ಹೂಬಿಡುವ ಮರ, ಸೂಚಿಪರ್ಣಿ ಅಲ್ಲ. ಕರಾವಳಿ ಉಸುಕಿನ ಸರ್ವೆ ಎರೆ ಜಿಗುಟಿನಲ್ಲಿ ಸೊರಗುತ್ತದೆ. ಜವಳಿಗೆ ಬೇಕಾದರೆ ಸರ್ವೆಯಲ್ಲೇ ಗ್ಲಾಕಾ ಎಂಬ ಜಾತಿಯನ್ನು ಕೇಳಿ ತನ್ನಿ. ಕ್ರಿಸ್ಮಸ್ ಗಿಡ ನಾರ್ಫೋಕ್ ದ್ವೀಪದ ಅರೌಕೇರಿಯಾ, ನಿಜವಾದ ಸೂಚಿಪರ್ಣಿ. ನೀರು ಬಸಿಯುವ ಕೆಂಪು ಮಣ್ಣಿದ್ದರೆ, ಮಧ್ಯಾಹ್ನದ ನೆರಳಿದ್ದರೆ ಇಳಿಸಿ. ಎರೆ ನೆಲದಲ್ಲಿ ಬೇರು ಕೊಳೆಯುತ್ತದೆ, ಕುಂಡದಲ್ಲೇ ಇರಲಿ.